ಲೋಫಿನ ನಡುವಿನ ತುಂಡು

ಮೂವತ್ತೊಂದು ವರ್ಷ ಹಾಸ್ಟೆಲಿನಲ್ಲಿ ನೂರಿಪ್ಪತ್ತು ಹುಡುಗಿಯರ ಹೊಟ್ಟೆ ತುಂಬಿಸಿದ ಕೈಗೆ ಅರ್ಧ ಕಿಲೋ ಖೀಮಾ ಯಾವ ಲೆಕ್ಕ? ಆದರೂ ನಿವೃತ್ತಳಾದ ಎಂಟನೆಯ ದಿನ, ಮಂಗಳವಾರ ಸಂಜೆ, ಅಡುಗೆಯಾಕೆ ಟೊಂಕ ಕಟ್ಟಿ ನಿಂತಳು. ಬಸ್ ಓಡಿಸುವ ತಮ್ಮ ಊಟಕ್ಕೆ ಬರುತ್ತೇನೆಂದಿದ್ದ. ವಾರವಿಡೀ ಒಬ್ಬಳೇ ತಿಂದು ತಿಂದು ಅವಳ ನಾಲಿಗೆ ಸತ್ತುಹೋಗಿತ್ತು.

ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಸಣ್ಣಗೆ ಹೆಚ್ಚಿದ ಈರುಳ್ಳಿ, ಒಂದು ಮೊಟ್ಟೆ, ಉಪ್ಪು, ಕಾಳುಮೆಣಸಿನ ಪುಡಿ. ಎಲ್ಲವನ್ನೂ ಖೀಮಾಕ್ಕೆ ಸೇರಿಸಿ ಕಲಸಿ, ಟಿನ್ನಿಗೆ ಒತ್ತಿ, ಮೇಲೆ ಟೊಮೆಟೊ ಸಾಸ್ ಸವರಿದಳು. ಅಷ್ಟರಲ್ಲಿ ಕೈ ತಾನಾಗಿಯೇ ಚಾಕುವಿನ ಬೆನ್ನಿನಿಂದ ಗೆರೆ ಎಳೆದಿತ್ತು. ಹಾಸ್ಟೆಲಿನಲ್ಲಿ ಒಬ್ಬಳ ತುಂಡು ಕೂದಲೆಳೆಯಷ್ಟು ತೆಳ್ಳಗಾದರೂ ರಂಪವಾಗುತ್ತಿತ್ತು, ಅದಕ್ಕೇ ಬೇಯಿಸುವ ಮುಂಚೆಯೇ ಪಾಲು ಗುರುತಿಸುವ ರೂಢಿ. ಎಣಿಸಿದರೆ ಎಂಟು ಪಾಲು. ಉಣ್ಣುವವರು ಇಬ್ಬರು. ಅವಳಿಗೇ ನಗು ಬಂತು.

ಏಳೂವರೆಗೆ ಬ್ರೆಡ್ಡಿನಾಕಾರದ ಖೀಮಾ ಲೋಫ್ ಓವನ್ನಿನಿಂದ ಹೊರಬಂತು. ಹಿಂದೆಯೇ ತಮ್ಮನ ಫೋನು.

"ಅಕ್ಕ, ಬರಕ್ಕಾಗಲ್ಲ ಕಣೇ. ಇನ್ನೊಬ್ಬ ಡ್ರೈವರ್ ರಜೆ ಹಾಕ್ಬಿಟ್ಟ, ಅವನ ಬಸ್ಸೂ ನನ್ ತಲೆಗೇ ಕಟ್ಟಿದ್ದಾರೆ. ನೀನು ಕಾಯ್ಬೇಡ."

"ಹೋಗ್ಲಿ ಬಿಡೋ. ನಾನೂ ವಿಶೇಷವಾಗಿ ಏನೂ ಮಾಡಿಲ್ಲ," ಎಂದು ಹಸಿ ಸುಳ್ಳು ಹೇಳಿ ಫೋನಿಟ್ಟಳು.

ಒಂದು ತಟ್ಟೆಯನ್ನು ವಾಪಸ್ ಗೂಡಿಗೆ ಸೇರಿಸಿದಳು. ಲೋಫ್ ಆರಿದ ಮೇಲೆ ಗೆರೆ ಹಿಡಿದು ಕುಯ್ದಳು. ಕುಯ್ದು, ಅಭ್ಯಾಸಬಲದಿಂದ ಬಾಗಿಲ ಕಡೆ ನೋಡಿ ಕೇಳಿದಳು: "ಎಲ್ಲರದೂ ಆಯ್ತಾ?"

ಅದನ್ನು ಕೇಳದೆ ಅವಳು ಒಂದು ದಿನವೂ ತನ್ನ ತಟ್ಟೆಗೆ ಬಡಿಸಿಕೊಂಡವಳಲ್ಲ. ಈಗ ಫ್ರಿಜ್ಜು ಮಾತ್ರ ಗುಂಯ್ ಎನ್ನುತ್ತಿತ್ತು.

ಕೈ ತುದಿಯ ತುಂಡಿಗೆ ಹೋಯಿತು. ಸೀದು ಗಟ್ಟಿಯಾಗಿ ಯಾರಿಗೂ ಬೇಡವಾಗುತ್ತಿದ್ದ ತುದಿಯೇ ಇಷ್ಟು ವರ್ಷ ಅವಳ ಪಾಲು. ಆದರೆ ಇವತ್ತು ನಡುವಿನದನ್ನು ಯಾರಿಗೆಂದು ಎತ್ತಿಡುವುದು? ನಾಲ್ಕನೆಯ ತುಂಡನ್ನು ಹಾಕಿಕೊಂಡು ಕೂತಳು.

ಒಂದು ತುತ್ತಿಗೇ ಅಗಿಯುವುದು ನಿಂತಿತು. ಅಷ್ಟು ಮೆತ್ತಗಿತ್ತು, ಅಷ್ಟು ರಸವಿತ್ತು.

"ಬಾಯಲ್ಲಿಟ್ರೆ ಕರಗತ್ತೆ ಆಂಟಿ, ಇನ್ನೊಂದ್ ಹಾಕಿ," ಎಂದು ಹುಡುಗಿಯರು ತಟ್ಟೆ ಚಾಚುತ್ತಿದ್ದರು. ಎರಡನೆಯ ತುಂಡಿನ ಆಸೆಗೆ ಹೊಗಳುತ್ತಾರೆಂದು ಅವಳು, "ಸಾಕು, ಬೆಣ್ಣೆ ಹಚ್ಬೇಡಿ," ಎಂದು ಗದರಿ ಕಳಿಸುತ್ತಿದ್ದಳು. ಪಾಪದವು, ನಿಜವನ್ನೇ ಹೇಳಿದ್ದವು.

ಇದನ್ನು ಯಾರಿಗಾದರೂ ಈಗಲೇ ಹೇಳಬೇಕೆನಿಸಿ ಅವಳು ತಲೆಯೆತ್ತಿದಳು. ಎದುರಿಗೆ ತಮ್ಮನಿಗೆಂದು ಹಾಕಿದ್ದ ಕುರ್ಚಿ ಇತ್ತು.