ನೆಗಡಿ ಮಾತ್ರೆ

ಮಾವ ಒಂದೇ ಅಂಗಿಗೆ ಎರಡೂ ಎಡತೋಳು ಕತ್ತರಿಸಿದ್ದರು. ನಲವತ್ತು ವರ್ಷ ಬಟ್ಟೆ ಕತ್ತರಿಸಿ ಪಳಗಿದ ಕೈ ಅದು.

ನಾದಿನಿ ಎರಡನ್ನೂ ಮೇಜಿನ ಮೇಲೆ ಹರವಿದಳು. "ಏನಪ್ಪಾ, ಎರಡೂ ಎಡಗೈ ಇರೋ ಗಿರಾಕಿ ಎಲ್ಲಿ ಸಿಕ್ಕಿದ ನಿಂಗೆ?" ಎಂದು ನಗಲು ನೋಡಿದಳು.

ಮಾವ ಒಣಗಿದ ನಾಲಿಗೆಯಿಂದ ತುಟಿ ಸವರಿಕೊಂಡು ನನ್ನ ಕಡೆ ತಿರುಗಿದರು. "ಅವನು ಬಂದ್ನಾಮ್ಮಾ?"

"ಇನ್ನೂ ಇಲ್ಲ ಮಾವ" ಎಂದೆ.

ಅವನು ಎಂದರೆ ನನ್ನ ಗಂಡ. ತೀರಿಹೋಗಿ ಏಳು ತಿಂಗಳಾಗಿತ್ತು.

ನಾದಿನಿ ನನ್ನನ್ನು ಒಳಗೆ ಎಳೆದುಕೊಂಡು ಹೋದಳು. "ಅತ್ತಿಗೆ, ಇದು ಮರೆವಿನ ಕಾಯಿಲೆ. ನೀನೂ ತಾಳ ಹಾಕ್ಬೇಡ. ಕತ್ತರಿ ಎತ್ತಿಡೋಣ, ಅಂಗಡಿ ಮುಚ್ಚಿಸೋಣ."

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಅದನ್ನು ಮುಚ್ಚಿದರೆ ಮಾವನಿಗೆ ಬೆಳಗಾದರೆ ಏಳಲು ಕಾರಣವೇ ಉಳಿಯದು. ಅವಳಿಗೂ ಅದು ಗೊತ್ತಿತ್ತು, ಅಳುತ್ತಲೇ ಹೇಳಿದಳು. ನನಗೆ ಗೊತ್ತಿದ್ದದ್ದನ್ನು ನಾನು ಹೇಳಲಿಲ್ಲ.

ಸಾವಿನ ನಂತರ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಮನೆಯಲ್ಲಿ ನೆಗಡಿ ಮಾತ್ರೆ ಇತ್ತು, ತಿಂದರೆ ಮಂಪರು ಬರುವ ಹಳೆಯ ಬಗೆಯದು. ಮೊದಲ ವಾರ ಒಂದು ಸಾಕಾಯಿತು. ಆಮೇಲೆ ಎರಡು. ಮಾವನೂ ಹಾಸಿಗೆಯಲ್ಲಿ ಹೊರಳಾಡುವುದು ಕೇಳಿಸುತ್ತಿತ್ತು. ನಿದ್ದೆ ಬರುತ್ತಿಲ್ಲ ಎಂದು ಆ ಮನೆಯಲ್ಲಿ ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಹತ್ತು ದಿನದ ಹಿಂದೆ, ಊಟವಾದ ಮೇಲೆ ಅವರ ಕೈಗೂ ಒಂದು ಮಾತ್ರೆ ಹಾಕಿದೆ. ನಿದ್ದೆ ಮಾತ್ರೆಯಾಗಿದ್ದರೆ ಹೆದರುತ್ತಿದ್ದೆ. ಇದು ನೆಗಡಿ ಮಾತ್ರೆ ತಾನೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ನಾನು.

ನಾಲ್ಕನೆಯ ದಿನ ಮಾವ ಮಗನ ದಾರಿ ಕಾಯತೊಡಗಿದರು. ಆಗ ಡಬ್ಬಿಯೊಳಗಿನ ಚೀಟಿ ತೆಗೆದು ಓದಿದೆ. ವಯಸ್ಸಾದವರಲ್ಲಿ ಗೊಂದಲ ಉಂಟಾಗಬಹುದು ಎಂದು ಸಣ್ಣ ಅಕ್ಷರದಲ್ಲಿತ್ತು. ಓದಿ ಮಡಚಿಟ್ಟೆ. ಅಂದೂ ಕೊಟ್ಟೆ, ಮುಂದೆಯೂ ಕೊಟ್ಟೆ. ನನ್ನ ಗಂಡನ ಮಾತೆತ್ತುವುದನ್ನೇ ಎಲ್ಲರೂ ಬಿಟ್ಟಿದ್ದರು. 'ಬರ್ತಾನೆ' ಎನ್ನುವವರು ಮಾವ ಒಬ್ಬರೇ.

ತೋಳು ಕತ್ತರಿಸಿದ ಮರುದಿನ ಮಾವನಿಗೆ ಮೂತ್ರ ಕಟ್ಟಿತು. ಕಿಬ್ಬೊಟ್ಟೆ ಕಲ್ಲಿನಂತಾಯಿತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೂತ್ರ ಇಳಿಸಲು ನಳಿಕೆ ಹಾಕಿಸಿದರು.

"ನಿದ್ದೆ ಮಾತ್ರೆ ಏನಾದ್ರೂ ಕೊಡ್ತಿದೀರಾ?"

"ಅಯ್ಯೋ ಇಲ್ಲ, ಅಂಥದ್ದು ನಮ್ಮನೇಗೆ ತರೋದೇ ಇಲ್ಲ" ಎಂದರು ಅತ್ತೆ.

ಡಾಕ್ಟರಮ್ಮ ತಲೆಯ ಸ್ಕ್ಯಾನಿಂಗಿಗೆ ಬರೆಯತೊಡಗಿದರು. ನಾನು ಹೇಳಿದ್ದು ಆಗ.

"ನೆಗಡಿ ಮಾತ್ರೆ ಕೊಡ್ತಿದ್ದೆ. ಹತ್ತು ದಿನದಿಂದ. ನಿದ್ದೆ ಬರ್ಲಿ ಅಂತ."

ಅತ್ತೆ ನನ್ನನ್ನೇ ನೋಡಿದರು. "ನೀನೂ ಕೊಡ್ತಿದ್ಯಾ? ನಾನೂ ಅದನ್ನೇ ದಿನಾ ಹಾಲಲ್ಲಿ ಹಾಕಿ ಕೊಡ್ತಿದ್ದೆ ಕಣೇ." ಮತ್ತೆ ಡಾಕ್ಟರಮ್ಮನ ಕಡೆ ತಿರುಗಿ, "ನೆಗಡಿ ಮಾತ್ರೆಗೆ ಯಾರಿಗಾದ್ರೂ ತಲೆ ಕೆಡತ್ತಾ? ಹಾಗಾದ್ರೆ ಚಳಿಗಾಲದಲ್ಲಿ ಊರಿಗೆ ಊರೇ ಹುಚ್ಚಾಸ್ಪತ್ರೆ ಸೇರ್ಬೇಕಿತ್ತು!"

"ಹೆಸರು ನೆಗಡೀದು, ಮಂಪರು ಬರಿಸೋದು ಮೆದುಳಿಗೆ. ವಯಸ್ಸಾದವರ ಮೈಯಿಂದ ಬೇಗ ಇಳಿಯಲ್ಲ. ಬಾಯಿ ಒಣಗತ್ತೆ, ಮೂತ್ರ ಕಟ್ಟತ್ತೆ, ಬುದ್ಧಿ ಮಸುಕಾಗತ್ತೆ, ಎದ್ದು ಓಡಾಡಿದ್ರೆ ಬೀಳ್ತಾರೆ. ಅದರಲ್ಲೂ ಎರಡೆರಡು. ಇವತ್ತಿಂದ ಒಂದೂ ಬೇಡ. ಸ್ಕ್ಯಾನಿಂಗ್ ಆಮೇಲೆ ನೋಡೋಣ." ಬರೆದ ಹಾಳೆ ಹರಿದು, ನನ್ನನ್ನು ಕೇಳಿದರು: "ನೀವೆಷ್ಟು ತಗೋತೀರಿ?"

"ಎರಡು. ಕೆಲವು ಸಲ ಮೂರು. ಆರು ತಿಂಗಳಾಯ್ತು."

"ಕೆಲವೇ ದಿನಕ್ಕೆ ಮೈ ಅದಕ್ಕೆ ಒಗ್ಗಿಬಿಡತ್ತೆ. ಆಮೇಲೆ ನಿದ್ದೆ ಬರಲ್ಲ, ಮಂಕು ಮಾತ್ರ ಉಳಿಯತ್ತೆ. ನೀವೊಬ್ಬರೇ ಒಂದಿನ ಬನ್ನಿ."

ಐದನೆಯ ದಿನ, ನಳಿಕೆ ತೆಗೆದ ಮೇಲೆ, ಮಾವ ಮುಂದಿನ ಕೋಣೆಗೆ ಬಂದು ಕತ್ತರಿ ಹಿಡಿದರು. ಅಳತೆ ಪುಸ್ತಕ ತೆರೆದು, ಸೀಮೆಸುಣ್ಣದ ಗೆರೆ ಎಳೆದು, ಎರಡು ಸಲ ಪರೀಕ್ಷಿಸಿ ಕತ್ತರಿಸಿದರು. ನಾದಿನಿ ಬಾಗಿಲಲ್ಲಿ ನಿಂತು ನೋಡಿ, ತನ್ನ ಮನೆಗೆ ಹೊರಟಳು.

ನಾನು ಗುಂಡಿ ಹೊಲಿಯುತ್ತಿದ್ದೆ. ಮಾವ 'ಅವನು ಬಂದ್ನಾ' ಎಂದು ಕೇಳಲಿಲ್ಲ. ಮಧ್ಯಾಹ್ನದವರೆಗೂ ಕೇಳಲಿಲ್ಲ. ಕೊನೆಗೆ ನಾನೇ ಹೇಳಿದೆ: ಮಾತ್ರೆ ಕೊಟ್ಟದ್ದು, ಚೀಟಿ ಓದಿದ ಮೇಲೂ ಕೊಟ್ಟದ್ದು, ಯಾಕೆ ಕೊಟ್ಟೆ ಎನ್ನುವುದು. ಬಯ್ಯುತ್ತಾರೆ ಎಂದುಕೊಂಡೆ.

"ಆ ದಿನಗಳು ಚೆನ್ನಾಗಿ ನೆನಪಿಲ್ಲಮ್ಮಾ" ಎಂದರು. "ಅವನು ಬರೋ ಹೊತ್ತಾಯ್ತು ಅನ್ನಿಸ್ತಿತ್ತು. ದಿನಾ."

ನಾನು ದಾರ ಕಡಿದೆ.

"ಇನ್ನೂ ಇದ್ಯಾ, ಆ ಮಾತ್ರೆ?"

"ಇಲ್ಲ ಮಾವ. ಬಿಸಾಕಿದೆ."

ಅವರು ನಂಬಲಿಲ್ಲ. ಕತ್ತರಿ ಕೆಳಗಿಟ್ಟರು.

"ತಗೊಂಬಾ. ನನ್ನೆದುರಿಗೇ ಬಿಸಾಕು. ಇಲ್ದಿದ್ರೆ ನಾನೇ ಹುಡುಕಿ ತಿಂದ್ಬಿಡ್ತೀನಿ."

ತಂದು ಮೇಜಿನ ಮೇಲಿಟ್ಟೆ. ಸ್ಟ್ರಿಪ್ಪಿನಲ್ಲಿ ಆರು ಉಳಿದಿದ್ದವು. ಒಳಗಿನಿಂದ ಅತ್ತೆ ಊಟಕ್ಕೆ ಕರೆದರು. ಮತ್ತೆ ಕರೆದರು. ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದೆವು.