ಕುರ್ಚಿಯಲ್ಲಿ ಕೇಳಬಾರದ ಪ್ರಶ್ನೆ

ಕೂದಲು ಕತ್ತರಿಸುವವಳ ಕಿವಿಗೆ ಬಿದ್ದಷ್ಟು ಗುಟ್ಟು ದೇವರ ಕಿವಿಗೂ ಬಿದ್ದಿರಲಾರದು. ಕನ್ನಡಿಯ ಮುಂದೆ ಕೂತು ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡರೆ ಸಾಕು, ಹೆಂಗಸರು ಗಂಡನಿಗೆ ಹೇಳದ್ದನ್ನೂ ಪಾರ್ಲರಿನವಳಿಗೆ ಹೇಳಿಬಿಡುತ್ತಾರೆ. ಅದಕ್ಕೇ ಪಾರ್ಲರ್ ನಡೆಸುವ ಈ ಅಮ್ಮನದೊಂದು ನಿಯಮವಿತ್ತು: ತಾನಾಗಿ ಏನನ್ನೂ ಕೇಳಬಾರದು. ಹೇಳಿದರೆ ಹೂಂಗುಟ್ಟಬೇಕು, ಹೇಳದಿದ್ದರೆ ಸುಮ್ಮನೆ ಬಾಚಣಿಗೆ ಆಡಿಸಬೇಕು. ಕೆದಕಿದರೆ ಗಿರಾಕಿ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಕಸುಬಿನ ಈ ಜಾಣತನವನ್ನು ಅವಳು ಮನೆಗೂ ಹೊತ್ತುಕೊಂಡು ಹೋಗಿದ್ದಳು. ತಪ್ಪಾದದ್ದು ಅಲ್ಲೇ.

ಹತ್ತನೇ ಕ್ಲಾಸಿನ ಮಗಳು ತಿಂಗಳುಗಟ್ಟಲೆ ಅರೆಹೊಟ್ಟೆ ಉಂಡು, ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಅಮ್ಮ ಕೆದಕಲಿಲ್ಲ. ವಯಸ್ಸೇ ಅಂಥದ್ದು ಎಂದುಕೊಂಡಳು. ಕಳೆದ ವಾರದಿಂದ ಮಗಳು ಒಮ್ಮೆಲೇ ಬದಲಾಗಿದ್ದಳು. ನಗುತ್ತಿದ್ದಳು, ಉಂಡ ತಟ್ಟೆ ತೊಳೆದಿಡುತ್ತಿದ್ದಳು, ಕೋಣೆಯನ್ನೆಲ್ಲ ಗುಡಿಸಿ ಒಪ್ಪ ಮಾಡಿದ್ದಳು. "ನಮ್ಮ ಹುಡುಗಿ ಸರಿಹೋದಳು ಕಣ್ರೀ" ಎಂದು ಅಮ್ಮ ಕುರ್ಚಿಗೆ ಕೂತವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಇವತ್ತು ಮಧ್ಯಾಹ್ನ ಪಾರ್ಲರಿನಲ್ಲಿದ್ದಾಗ ತಂಗಿಯ ಫೋನ್ ಬಂತು.

"ಅಕ್ಕ, ನಿನ್ನ ಮಗಳದ್ದು ಎಂಥಾ ಚಿನ್ನದಂಥ ಮನಸ್ಸು. ಬಣ್ಣದ ಡಬ್ಬಿ, ಬ್ರಷ್ಷು, ಹೆಡ್‌ಫೋನು ಎಲ್ಲಾನೂ ನಿನ್ನೆ ತಂದು ನನ್ನ ಮಗಳಿಗೆ ಕೊಟ್ಟುಹೋದ್ಲು. ನಿಂಗೆ ಬೇಡ್ವೇನೇ ಅಂದ್ರೆ, ಇನ್ನು ಬೇಡ ಚಿಕ್ಕಮ್ಮ ಅಂತ ನಕ್ಕಳು."

ಆ ಬಣ್ಣದ ಡಬ್ಬಿ ಮುಟ್ಟಿದರೆ ಹೆತ್ತಪ್ಪನ ಮೇಲೂ ಹರಿಹಾಯುವ ಹುಡುಗಿ ಅವಳು. ಇದೇ ಕುರ್ಚಿಯಲ್ಲಿ ಕೂತು ಟೀಚರೊಬ್ಬರು ತೀರಿಕೊಂಡ ತಮ್ಮನ ಬಗ್ಗೆ ಹೇಳಿದ್ದು ನೆನಪಾಯಿತು. 'ಕೊನೇ ವಾರ ಎಷ್ಟು ಖುಷಿಯಾಗಿದ್ದ ಗೊತ್ತಾ? ಗುಣ ಆಯ್ತು ಅಂದ್ಕೊಂಡ್ವಿ. ಆದ್ರೆ ಅವನು ಸಾಯೋದು ಅಂತ ತೀರ್ಮಾನ ಮಾಡಿ ನಿರಾಳ ಆಗಿಬಿಟ್ಟಿದ್ದ.' ಆಗಲೂ ಇವಳು ಹೂಂ ಎಂದು, ಕೂದಲಿನ ತುದಿ ಸಮ ಮಾಡಿ ಕಳಿಸಿದ್ದಳು.

"ಅವಳನ್ನೇ ಕೇಳಿಬಿಡ್ತೀನಿ ಕಣೇ, ಸಾಯೋ ಯೋಚನೆ ಏನಾದ್ರೂ ಇದೆಯಾ ಅಂತ" ಎಂದಳು ತಂಗಿಗೆ.

"ಬಿಡ್ತು ಅನ್ನಕ್ಕ. ಇಲ್ಲದ್ದನ್ನ ನೀನೇ ಅವಳ ತಲೆಗೆ ತುಂಬ್ತೀಯಾ?"

ಅಮ್ಮ ಫೋನ್ ಇಟ್ಟಳು. ಕೇಳಿದ್ದರಿಂದಲೇ ಏನಾದರೂ ಆಗಿಬಿಟ್ಟರೆ? ಕೇಳದೆ ಸುಮ್ಮನಿದ್ದು ಆಗಿಬಿಟ್ಟರೆ? ಅತ್ತ ದರಿ, ಇತ್ತ ಪುಲಿ. ಶಾಲೆ ಬಿಡುವವರೆಗೆ ಅವಳು ಅದೇ ಟವೆಲ್ಲುಗಳನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಮಗಳು ಎಂದಿನಂತೆ ಬ್ಯಾಗು ಹೊತ್ತು ಪಾರ್ಲರಿಗೆ ಬಂದಳು. ಅಮ್ಮ ಬಾಗಿಲ ಚಿಲಕ ಹಾಕಿ, "ಬಾ, ತಲೆ ತೊಳೀತೀನಿ" ಎಂದಳು. ಬೇಸಿನ್ನಿಗೆ ತಲೆ ಒರಗಿಸಿ ಮಗಳು ಕಣ್ಣು ಮುಚ್ಚಿದಳು.

"ನೀರು ಜಾಸ್ತಿ ಬಿಸಿ ಆಯ್ತಾ?"

"ಇಲ್ಲ, ಸರಿ ಇದೆ. ಥ್ಯಾಂಕ್ಸ್."

ಹೆತ್ತವಳಿಗೆ ಥ್ಯಾಂಕ್ಸ್. ಗಿರಾಕಿಗಳು ಮಾತಾಡುವ ಹಾಗೆ ಮಾತಾಡುತ್ತಿದ್ದಾಳೆ ಇವಳು. ಅಮ್ಮ ಪರೀಕ್ಷೆಯ ಸುದ್ದಿ ತೆಗೆದಳು, ಗೆಳತಿಯ ಸುದ್ದಿ ತೆಗೆದಳು. ಎಲ್ಲದಕ್ಕೂ ಅದೇ ನಯವಾದ ಉತ್ತರ. ಅಮ್ಮ ನಲ್ಲಿ ನಿಲ್ಲಿಸಿದಳು.

"ಒಂದು ಮಾತು ಕೇಳ್ತೀನಿ. ಏನೇ ಹೇಳು, ಬೈಯಲ್ಲ. ನಿಂಗೆ ಸತ್ತುಹೋಗ್ಬೇಕು ಅನ್ನಿಸ್ತಿದೆಯಾ?"

ಮಗಳು ಕಣ್ಣು ತೆರೆಯಲಿಲ್ಲ. "ಹೂಂ" ಎಂದಳು.

ಅಮ್ಮನ ಬಾಯಿಗೆ ಏನೇನೋ ನುಗ್ಗಿ ಬಂತು. ನಿನಗೇನು ಕಡಿಮೆ ಮಾಡಿದ್ವಿ, ನಾವೇನಾಗ್ಬೇಕು, ಬಿಡ್ತು ಅನ್ನು. ಅಷ್ಟನ್ನೂ ನುಂಗಿಕೊಂಡಳು. ಮಗಳ ತಲೆಯಡಿ ಇಟ್ಟ ಕೈಯನ್ನು ತೆಗೆಯಲಿಲ್ಲ.

"ಯಾವಾಗ ಅಂತ ಅಂದ್ಕೊಂಡಿದ್ದೆ?"

"ಶನಿವಾರ. ನೀನು ಮದುವೆ ಹೆಣ್ಣಿನ ಮೇಕಪ್ಪಿಗೆ ಹೋಗ್ತೀಯಲ್ಲ. ಅಪ್ಪನೂ ಇರಲ್ಲ."

ಇವತ್ತು ಗುರುವಾರ. ಹೇಗೆ ಎಂದೂ ಕೇಳಿದಳು. ಮಗಳು ಅದನ್ನೂ ಹೇಳಿದಳು. ಅದಕ್ಕೆ ಬೇಕಾದದ್ದು ಮನೆಯಲ್ಲೇ ಇತ್ತು. ಅಮ್ಮನೇ ದಿನಾ ನೋಡುತ್ತಿದ್ದ ಜಾಗದಲ್ಲಿತ್ತು.

"ನಂಗೆ ಯಾಕೆ ಹೇಳ್ಲಿಲ್ಲ ಪುಟ್ಟಿ?"

"ನೀನು ಕೇಳ್ಲೇ ಇಲ್ಲ." ಈಗ ಮಗಳ ಕಣ್ಣಂಚಿನಿಂದ ನೀರು ಕಿವಿಯತ್ತ ಇಳಿಯಿತು. "ಆಮೇಲೆ ನಾನು ಸರಿಹೋದೆ ಅಂತ ಎಲ್ಲರ ಹತ್ರ ಹೇಳ್ಕೊಂಡು ಎಷ್ಟು ಖುಷಿಯಾಗಿದ್ದೆ ನೀನು. ಹಾಳು ಮಾಡೋದ್ಯಾಕೆ ಅನ್ನಿಸ್ತು."

ಅಮ್ಮ ಬಗ್ಗಿ ಆ ನೊರೆಗೂದಲಿಗೇ ಕೆನ್ನೆ ಒತ್ತಿ ಅತ್ತಳು. ಆಮೇಲೆ ಮಗಳ ಎದುರಿಗೇ ತಂಗಿಗೆ ಫೋನ್ ಮಾಡಿ, ಈಗಲೇ ಮನೆಗೆ ಹೋಗಿ ಅದನ್ನು ತೆಗೆದುಕೊಂಡು ಹೋಗಿಬಿಡು ಎಂದಳು. ಗಂಡನಿಗೆ ಆಸ್ಪತ್ರೆಗೆ ಬಾ ಎಂದಳು. ಆಸ್ಪತ್ರೆಗೂ ಫೋನ್ ಮಾಡಿದಾಗ ಅಲ್ಲಿಯ ನರ್ಸಮ್ಮ, "ಒಂದು ನಿಮಿಷಾನೂ ಒಬ್ಬಳನ್ನೇ ಬಿಡಬೇಡಿ, ಕರ್ಕೊಂಡು ಬಂದುಬಿಡಿ, ಡಾಕ್ಟರ್ ಇದ್ದಾರೆ" ಎಂದರು. ಗಾಜಿನ ಬಾಗಿಲಾಚೆ ಕಾಯಂ ಗಿರಾಕಿಯೊಬ್ಬಳು ಹುಬ್ಬು ತೀಡಿಸಬೇಕೆಂದು ಸನ್ನೆ ಮಾಡುತ್ತ ನಿಂತಿದ್ದಳು. ಅವಳನ್ನು ದಾಟಿಕೊಂಡು ಇಬ್ಬರೂ ರಸ್ತೆಗಿಳಿದರು.

ಟ್ಯಾಕ್ಸಿಯಲ್ಲಿ ಮಗಳ ಒದ್ದೆ ಕೂದಲಿಂದ ನೀರು ಸೀಟಿಗೆ ತೊಟ್ಟಿಕ್ಕುತ್ತಿತ್ತು. ಶನಿವಾರ ದಾಟಬೇಕು, ಅದರಾಚೆಯ ದಿನಗಳನ್ನೂ ದಾಟಬೇಕು. ಡಾಕ್ಟರು ಏನು ಹೇಳುತ್ತಾರೋ, ಮಗಳು ನಾಳೆಯೂ ಹೀಗೆ ಬಾಯಿಬಿಡುತ್ತಾಳೋ ಇಲ್ಲವೋ, ಅಮ್ಮನಿಗೆ ಒಂದೂ ಗೊತ್ತಿರಲಿಲ್ಲ.

"ಅಮ್ಮ, ಕೈ ನೋಯ್ತಿದೆ" ಎಂದಳು ಮಗಳು.

ನೋಡಿದರೆ ಅಮ್ಮನ ಬೆರಳುಗಳು ಮಗಳ ಮಣಿಕಟ್ಟನ್ನು ಕೆಂಪಾಗುವಷ್ಟು ಬಿಗಿದಿದ್ದವು.

"ನೋಯ್ಲಿ" ಎಂದಳು ಅಮ್ಮ. "ಬಿಡೋಕೆ ಭಯ ಆಗುತ್ತೆ ನಂಗೆ."

ಮಗಳು ಕೈ ಎಳೆದುಕೊಳ್ಳಲಿಲ್ಲ.