ಕ್ಲೈಮ್ಯಾಕ್ಸಿಗೊಂದು ಹಲ್ಲು

ಹಲ್ಲಿನ ಡಾಕ್ಟರಿಗೆ ಎರಡು ಹುಚ್ಚು. ಸಿನಿಮಾ ನೋಡುವುದು ಒಂದು, ನೋಡಿದ್ದನ್ನು ಹೇಳುವುದು ಇನ್ನೊಂದು. ಮೊದಲನೆಯದರ ಬಗ್ಗೆ ಯಾರದೂ ತಕರಾರಿರಲಿಲ್ಲ. ಎರಡನೆಯದನ್ನು ಅವರು ತಮ್ಮ ಕಸುಬಿಗೇ ಗಂಟುಹಾಕಿಬಿಟ್ಟಿದ್ದರು ನೋಡಿ, ಫಜೀತಿ ಇದ್ದದ್ದೇ ಅಲ್ಲಿ.

ಕುರ್ಚಿಯಲ್ಲಿ ಮಲಗಿದವರ ಒಸಡಿಗೆ ಸೂಜಿ ಚುಚ್ಚಿ, ಬಾಯಿಗೆ ಹತ್ತಿ ತುರುಕಿದ ಕೂಡಲೇ ಕಥೆ ಶುರುವಾಗುತ್ತಿತ್ತು. ನಾಯಕಿ ಊರು ಬಿಡುವ ಹೊತ್ತಿಗೆ ಇಕ್ಕಳ ಕೈಗೆ ಬರುತ್ತಿತ್ತು, ಕೊಲೆಗಾರ ಸಿಕ್ಕಿಬೀಳುವ ಹೊತ್ತಿಗೆ ಹಲ್ಲಿಗೆ. "ಮುಖವಾಡ ತೆಗೆದ್ರೆ ಯಾರು ಅಂತೀರಿ? ಸ್ವಂತ ಭಾವ" ಎನ್ನುತ್ತಿದ್ದಂತೆ ಮಲಗಿದವರ ಬಾಯಿ ಇನ್ನೊಂದು ಬೆರಳಿನಷ್ಟು ಅಗಲವಾಗುತ್ತಿತ್ತು, ಹಲ್ಲು ಈಚೆ. ಇಪ್ಪತ್ತಾರು ವರ್ಷದಿಂದ ಇದೇ ಕ್ರಮ. ಬಾಯಿ ತುಂಬ ಹತ್ತಿ ಇಟ್ಟುಕೊಂಡವರು 'ಡಾಕ್ಟ್ರೇ, ಆ ಸಿನಿಮಾ ನಾನಿನ್ನೂ ನೋಡಿಲ್ಲ' ಎಂದು ಹೇಳುವುದಾದರೂ ಹೇಗೆ? ಪಾಪ, ಹಲ್ಲೂ ಹೋಯಿತು, ಸಿನಿಮಾನೂ ಹೋಯಿತು ಎಂದುಕೊಂಡು ಮನೆಗೆ ಹೋಗುತ್ತಿದ್ದರು.

ಹೆಂಡತಿಯ ಬಾಯಲ್ಲಿ ಹತ್ತಿ ಇರಲಿಲ್ಲ. ಆಕೆ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಪುಸ್ತಕದ ಕೊನೆಯಲ್ಲಿರುವ ಉತ್ತರ ನೋಡಿಕೊಂಡು ಲೆಕ್ಕ ಬಿಡಿಸುವ ಮಕ್ಕಳನ್ನು ಕಂಡರೆ ಕೆಂಡಾಮಂಡಲವಾಗುವ ಜಾತಿ. ಅವರಿಗೂ ಸಿನಿಮಾ ಎಂದರೆ ಪ್ರಾಣ. ಒಂಬತ್ತು ವರ್ಷದ ಹಿಂದೆ, ತಮಗೆ ಬಹಳ ಇಷ್ಟವಾದ ಒಬ್ಬ ನಿರ್ದೇಶಕಿಯ ಚಿತ್ರಕ್ಕಾಗಿ ಅವರು ನಾಲ್ಕು ತಿಂಗಳು ಕಾದಿದ್ದರು. ಹಿಂದಿನ ದಿನವೇ ಕದ್ದು ನೋಡಿ ಬಂದಿದ್ದ ಡಾಕ್ಟರು, ಪಾಪ್‌ಕಾರ್ನ್ ಸಾಲಿನಲ್ಲಿ ನಿಂತು, "ಹೆದರ್ಕೋಬೇಡ ಕಣೇ, ಮಗು ಸಿಗುತ್ತೆ, ನೆರೆಮನೆಯವರ ಅಟ್ಟದಲ್ಲೇ ಇರುತ್ತೆ" ಎಂದುಬಿಟ್ಟರು. ಮೇಡಂ ಆಗಷ್ಟೇ ಕೈಗೆ ಬಂದಿದ್ದ ಪೊಟ್ಟಣವನ್ನು ಗಂಡನಿಗೆ ಕೊಟ್ಟು, ಒಬ್ಬರೇ ಮನೆಗೆ ನಡೆದರು.

ಅಂದಿನಿಂದ ಇಬ್ಬರೂ ಜೊತೆಗೆ ಕೂತು ಸಿನಿಮಾ ನೋಡಿರಲಿಲ್ಲ. ಮನೆಯಲ್ಲಾದರೆ ಡಾಕ್ಟರು ಹಾಲಿನಲ್ಲಿ, ಮೇಡಂ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು. ಥಿಯೇಟರಾದರೆ ಒಬ್ಬರದು ಮಧ್ಯಾಹ್ನದ ಆಟ, ಇನ್ನೊಬ್ಬರದು ಸಂಜೆಯದು. ಮಾತು ಬಿಟ್ಟವರೇನಲ್ಲ, ಊಟಕ್ಕೆ ಎದುರುಬದುರೇ ಕೂರುತ್ತಿದ್ದರು. ಆದರೆ ನಗು ಬಂದಾಗ ಪಕ್ಕಕ್ಕೆ ತಿರುಗಿದರೆ ಅಲ್ಲಿ ಯಾರೋ ಗುರುತಿಲ್ಲದವರ ಮೊಣಕೈ. ಡಾಕ್ಟರಿಗೆ ಅದು ಒಂಬತ್ತು ವರ್ಷದಲ್ಲಿ ಒಂದು ದಿನವೂ ರೂಢಿಯಾಗಲಿಲ್ಲ.

ಹೀಗಿರುವಾಗ ಊರಿನ ಹಳೆಯ ಥಿಯೇಟರಿಗೆ ಐವತ್ತು ತುಂಬಿತು. ತಿಂಗಳಿಡೀ ದಿನಕ್ಕೊಂದು ಚಿತ್ರ. ಮೂವತ್ತನೆಯ ದಿನಕ್ಕೆ ಅದೇ ನಿರ್ದೇಶಕಿ ಒಂಬತ್ತು ವರ್ಷದ ಮೇಲೆ ಮಾಡಿದ ಹೊಚ್ಚಹೊಸ ಚಿತ್ರ, ಅಲ್ಲಿಯವರೆಗೆ ಯಾರೂ ನೋಡಿರದದ್ದು. ಒಂದನೇ ತಾರೀಕು ಬೆಳಿಗ್ಗೆ ಮೇಡಂ ಕಾಫಿ ಲೋಟದ ಪಕ್ಕ ಆ ಮೂವತ್ತನೆಯ ದಿನದ ಎರಡು ಟಿಕೆಟ್ ಇಟ್ಟರು.

"ಒಂದು ನನಗೆ. ಇನ್ನೊಂದು, ನೀವು ಪಾಸಾದ್ರೆ ನಿಮಗೆ, ಫೇಲಾದ್ರೆ ನನ್ನ ತಂಗಿಗೆ."

"ಏನು ಪರೀಕ್ಷೆ?"

"ತಿಂಗಳೆಲ್ಲ ಎಷ್ಟು ಬೇಕೋ ಅಷ್ಟು ನೋಡಿ. ಒಂದು ಸಿನಿಮಾದ ಕೊನೇನೂ ನಿಮ್ಮ ಬಾಯಿಂದ ಆಚೆ ಬರಬಾರದು. ನನ್ನ ಹತ್ರ ಮಾತ್ರ ಅಲ್ಲ, ಯಾರ ಹತ್ರನೂ."

"ಪೇಷಂಟ್‌ಗಳ ಹತ್ರನೂ?"

"ಅವರೂ ಮನುಷ್ಯರೇ ಅಲ್ವೇನ್ರೀ."

ಡಾಕ್ಟರು ತಕ್ಷಣ ಒಪ್ಪಿದರು. ಒಪ್ಪದೆ ಇನ್ನೇನು? ಅವಳ ಪಕ್ಕದ ಸೀಟು ಕಣ್ರೀ ಅದು. ಆ ದಿನ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಐವತ್ತೆಂಟರ ಗಂಡಸು ಲಿಫ್ಟಿನ ಕನ್ನಡಿಯ ಮುಂದೆ ನಿಂತು ಇರುವ ನಾಲ್ಕು ಕೂದಲನ್ನೇ ಬಾಚಿಕೊಳ್ಳುವುದನ್ನು ಕಂಡು ಕ್ಲಿನಿಕ್ಕಿನ ನರ್ಸಮ್ಮ, "ಏನು ಡಾಕ್ಟ್ರೇ, ಮನೇಲಿ ಏನಾದ್ರೂ ವಿಶೇಷನಾ?" ಎಂದು ಕೇಳಿದರು.

ಆಹಾ, ಆ ಮೊದಲ ವಾರ. ಎರಡು ಗಂಟೆಗೆ ಕ್ಲಿನಿಕ್ಕಿಗೆ ಬಾಗಿಲು, ಎರಡೂವರೆಗೆ ಥಿಯೇಟರಿನ ಒಳಗೆ. ಸೋಮವಾರ ಕುದುರೆ ಕಳ್ಳರು, ಮಂಗಳವಾರ ಮಾತೇ ಇಲ್ಲದ ಕಪ್ಪು ಬಿಳುಪಿನ ಚಿತ್ರ, ಬುಧವಾರ ಅತ್ತೆ ಸೊಸೆ ಸೇರಿಕೊಂಡು ಬ್ಯಾಂಕು ದೋಚುವ ತಮಾಷೆ. ಸಂಜೆ ಮನೆಗೆ ಬಂದು ಸೋಫಾದ ಮೇಲೆ ಕಾಲು ಮಡಚಿ ಕೂತು ಟಿವಿಯಲ್ಲಿ ಇನ್ನೊಂದು. ಅತ್ತು ಅತ್ತು ಮೂಗು ಕೆಂಪು, ನಕ್ಕು ನಕ್ಕು ಪಕ್ಕೆ ನೋವು. ನೋಡುವುದೇನೋ ಸ್ವರ್ಗವಾಗಿತ್ತು, ಹೇಳಲಾಗದ್ದೇ ಸಂಕಟ. ಊಟಕ್ಕೆ ಕೂತಾಗ ಕೊನೆಯ ದೃಶ್ಯ ನಾಲಗೆಯ ತುದಿಗೆ ಬಂದರೆ ದೊಡ್ಡ ತುತ್ತು ಹಾಕಿಕೊಂಡು ನುಂಗಿಬಿಡುತ್ತಿದ್ದರು. ಏಳು ದಿನದಲ್ಲಿ ಒಂದು ಕಿಲೋ ಹೆಚ್ಚಾದರು.

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಡಾಕ್ಟರಿಗೆ ಬಾಯಿ ಮುಚ್ಚಿದರೆ ಕಸುಬುಗೇಡು. ಹಳೇ ರೂಢಿಯ ಮೇಲೆ ಕಥೆ ಎತ್ತುವುದು, ಭೂತದ ಬಂಗಲೆಯ ಬಾಗಿಲಿನವರೆಗೆ ಕರೆದೊಯ್ಯುವುದು, ಅಲ್ಲಿ ಥಟ್ಟನೆ ಹೆಂಡತಿಯ ಮಾತು ನೆನಪಾಗಿ, "ಮುಂದಿಂದು ನೀವೇ ನೋಡಿ" ಎನ್ನುವುದು. ಬಾಯಿ ಪಟಕ್ಕನೆ ಮುಚ್ಚಿಕೊಳ್ಳುತ್ತಿತ್ತು. ಇಕ್ಕಳ ಜಾರುತ್ತಿತ್ತು. ದರ್ಜಿಯಮ್ಮ ಒಬ್ಬರು ಸಿಟ್ಟಿಗೋ ನೋವಿಗೋ ಬೆರಳು ಕಚ್ಚಿಯೇಬಿಟ್ಟರು.

"ಡಾಕ್ಟ್ರೇ, ಹೀಗಾದ್ರೆ ಅವರ ಹಲ್ಲು ಉಳಿಯುತ್ತೆ, ನಿಮ್ಮ ಬೆರಳು ಉಳಿಯಲ್ಲ" ಎಂದರು ನರ್ಸಮ್ಮ, ಪಟ್ಟಿ ಸುತ್ತುತ್ತಾ.

ಒಂಬತ್ತನೆಯ ದಿನ ಬಸ್ ಡ್ರೈವರ್ ಬಂದ. ಬಾಗಿಲಿನಷ್ಟು ಅಗಲದ ಆಳು, ಘಟ್ಟದ ತಿರುವಿನಲ್ಲಿ ಒಂದೇ ಕೈಯಲ್ಲಿ ಬಸ್ಸು ತಿರುಗಿಸುವವನು, ಸೂಜಿ ಕಂಡದ್ದೇ ಅವ್ವಾ ಎಂದು ಕುರ್ಚಿ ಹಿಡಿದುಕೊಂಡ. ಡಾಕ್ಟರು ಗಡಿಯಾರ ರಿಪೇರಿಯವನ ಕಥೆ ತೆಗೆದರು. ಒಬ್ಬಳು ಹೆಂಗಸು ಅವನ ಅಂಗಡಿಗೆ ದಿನಾ ಒಂದೇ ಗಡಿಯಾರ ತರುತ್ತಾಳೆ, ಆ ಗಡಿಯಾರ ಕೆಟ್ಟೇ ಇರುವುದಿಲ್ಲ. ಅಷ್ಟು ಹೇಳಿ ನಿಲ್ಲಿಸಿದರು. ಡ್ರೈವರ್ ಹತ್ತಿ ಕಿತ್ತೆಸೆದು ಅವರ ಕೋಟು ಹಿಡಿದುಕೊಂಡ.

"ಯಾಕೆ ತರ್ತಾಳೆ ಹೇಳಿ ಡಾಕ್ಟ್ರೇ. ಹೇಳೋ ತನಕ ನಾನು ಬಾಯಿ ತೆಗೆಯಲ್ಲ."

ನಿಜವಾದ ಕೊನೆ ಹೇಳಿದರೆ ಸೀಟು ಹೋಗುತ್ತದೆ. ಹೇಳದಿದ್ದರೆ ಕೋಟು ಹರಿಯುತ್ತದೆ. ಡಾಕ್ಟರ ನಾಲಗೆ ತಾನಾಗಿಯೇ ಮೂರನೆಯ ದಾರಿ ಹಿಡಿಯಿತು.

"ಅವಳು ಅವನ ಅಕ್ಕ ಕಣಯ್ಯಾ. ಚಿಕ್ಕಂದಿನಲ್ಲಿ ಕಳೆದುಹೋಗಿರ್ತಾಳೆ. ಗಡಿಯಾರದ ಒಳಗೆ ಅಪ್ಪನ ಫೋಟೋ ಇರುತ್ತೆ, ಇವನು ಒಂದು ದಿನನಾದ್ರೂ ಬಿಚ್ಚಿ ನೋಡ್ಲಿ ಅಂತ ತರ್ತಿರ್ತಾಳೆ."

ಡ್ರೈವರನ ಬಾಯಿ ಗ್ಯಾರೇಜಿನ ಬಾಗಿಲಿನಂತೆ ತೆರೆದುಕೊಂಡಿತು. ಹಲ್ಲು ಬೇರುಸಮೇತ ಈಚೆ ಬಂತು. ಆಮೇಲೆ ನೋಡಿದರೆ ಆಸಾಮಿ ಅಳುತ್ತಿದ್ದಾನೆ.

"ತುಂಬಾ ನೋಯ್ತಾ?"

"ಹಲ್ಲಿಗಲ್ಲ ಡಾಕ್ಟ್ರೇ. ಅಕ್ಕ ಸಿಕ್ಕಿದ್ಲಲ್ಲ, ಅದಕ್ಕೆ."

ಆ ಚಿತ್ರದಲ್ಲಿ ಅಕ್ಕನೂ ಇರಲಿಲ್ಲ, ಫೋಟೋನೂ ಇರಲಿಲ್ಲ. ಡಾಕ್ಟರು ಕೈ ತೊಳೆಯುತ್ತಾ ತಮ್ಮಷ್ಟಕ್ಕೇ ಕಿಸಕ್ಕನೆ ನಕ್ಕರು. ಅಂದಿನಿಂದ ಅವರನ್ನು ಹಿಡಿಯುವವರೇ ಇಲ್ಲ. ಮಧ್ಯಾಹ್ನ ಒಂದು ಸಿನಿಮಾ ನೋಡುವುದು, ಮರುದಿನ ಬೆಳಿಗ್ಗೆ ಅದಕ್ಕೆ ಹೊಸ ಕೊನೆ ಹೊಲಿಯುವುದು. ಸತ್ತವರನ್ನು ಬದುಕಿಸಿದರು, ಖಳನಾಯಕನಿಗೆ ಮದುವೆ ಮಾಡಿಸಿದರು, ಒಂದು ಯುದ್ಧವನ್ನು ಡ್ರಾ ಮಾಡಿಸಿದರು. ಹಲ್ಲುನೋವಿಲ್ಲದವರೂ ಬಂದು ಎಲ್ಲೋ ಸ್ವಲ್ಪ ಜುಮ್ ಅನ್ನುತ್ತೆ ಎಂದು ಬಾಯಿ ತೆರೆದು ಮಲಗತೊಡಗಿದರು.

ಇಪ್ಪತ್ತನಾಲ್ಕನೆಯ ದಿನ ಎಲ್ಲ ಕೆಟ್ಟಿತು. ಮೇಡಂ ಶಾಲೆಯಿಂದ ಬಂದವರು ಚೀಲ ಇಳಿಸದೆಯೇ ಹಾಲಿನ ಮಧ್ಯೆ ನಿಂತರು.

"ನಮ್ಮ ವಿಜ್ಞಾನದ ಮೇಷ್ಟ್ರು ನಿನ್ನೆ ನಿಮ್ಮ ಹತ್ರ ಹಲ್ಲು ತೆಗೆಸ್ಕೊಂಡ್ರಂತೆ."

"ಹೌದು, ದವಡೆ ಹಲ್ಲು."

"ಅಣ್ಣ ತಮ್ಮ ಸೇರ್ಕೊಂಡು ಪಿಯಾನೋ ಸಾಗಿಸ್ತಾರಲ್ಲ, ಆ ಸಿನಿಮಾದ ಕೊನೆ ಹೇಳಿದ್ರಂತೆ. ಪಿಯಾನೋ ಸೇತುವೆ ಮೇಲಿಂದ ನದಿಗೆ ಬಿದ್ದು, ತೇಲ್ಕೊಂಡು ಹೋಗುತ್ತಂತೆ. ಸ್ಟಾಫ್ ರೂಮಲ್ಲಿ ಎಲ್ಲರ ಮುಂದೆ ವರ್ಣಿಸಿದ್ರು. ನಾನು ಆ ಸಿನಿಮಾ ಇನ್ನೂ ನೋಡಿಲ್ಲ."

"ಅಯ್ಯೋ, ಅದು ಸುಳ್ಳು ಕಣೇ. ನಾನೇ ಕಟ್ಟಿದ್ದು."

"ಕಳ್ಳನಿಗೊಂದು ಪಿಳ್ಳೆ ನೆವ."

"ಆಣೆ. ಒಂದನೇ ತಾರೀಕಿಂದ ಒಂದು ಕೊನೇನೂ ನಿಜ ಹೇಳಿಲ್ಲ."

ಮೇಡಂ ಅವರನ್ನು ಒಂದು ನಿಮಿಷ ದಿಟ್ಟಿಸಿದರು. ಲೆಕ್ಕ ಸರಿಯಿದೆ ಎಂದು ವಾದಿಸುವ ಹುಡುಗನನ್ನು ನೋಡುವ ನೋಟ ಅದು. ಆಮೇಲೆ, "ಟಿವಿಯಲ್ಲಿ ಆ ಚಿತ್ರ ಇದೆ ಅಲ್ವಾ? ಈಗಲೇ ನೋಡ್ತೀನಿ. ನೀವು ಅಡುಗೆಮನೇಲಿ ಕೂತ್ಕೊಳ್ಳಿ. ಪಿಯಾನೋ ನೀರಿಗೆ ಬಿತ್ತೋ, ಟಿಕೆಟ್ ತಂಗಿಗೆ ಹೋಯ್ತು" ಎಂದರು.

ಡಾಕ್ಟರು ಧೈರ್ಯವಾಗಿಯೇ ಅಡುಗೆಮನೆಗೆ ಹೋದರು. ಸತ್ಯ ಹೇಳಿದವನಿಗೆ ಯಾವ ಭಯ? ಸ್ಟೂಲಿನ ಮೇಲೆ ಕೂತು, ಆ ಚಿತ್ರದ ನಿಜವಾದ ಕೊನೆ ಯಾವುದಿತ್ತು ಎಂದು ನೆನಪಿಸಿಕೊಳ್ಳಹೋದರು. ನೆನಪಾಗಲಿಲ್ಲ. ಇಪ್ಪತ್ತನಾಲ್ಕು ದಿನಕ್ಕೆ ಮೂವತ್ತೊಂದು ಚಿತ್ರ, ಅವುಗಳ ಮೇಲೆ ಸ್ವಂತದ್ದು ಇಪ್ಪತ್ತು. ತಲೆಯೊಳಗೆ ಎಲ್ಲ ಕಲಸಿಹೋಗಿತ್ತು. ನದಿಗೆ ಬಿದ್ದದ್ದು ಪಿಯಾನೋನೋ, ಶುಕ್ರವಾರದ ಚಿತ್ರದ ಐಸ್‌ಕ್ರೀಂ ಗಾಡಿಯೋ? ತಾನು ಕಟ್ಟಿದ್ದೇ ನದಿಯೋ, ನೋಡಿದ್ದೇ ನದಿಯೋ? ಅಪ್ಪಿತಪ್ಪಿ ನಿಜವನ್ನೇ ಹೇಳಿಬಿಟ್ಟಿದ್ದರೆ ಗತಿಯೇನು?

ಎರಡು ಗಂಟೆ ಕಾಲ ಅವರು ಪಟ್ಟ ಪಾಡು ಅವರ ಪೇಷಂಟುಗಳೂ ಪಟ್ಟಿರಲಿಕ್ಕಿಲ್ಲ. ಹಾಲಿನಿಂದ ಮೇಡಂ ನಗುವುದು ಕೇಳುತ್ತಿತ್ತು. ಆಮೇಲೆ ನಗು ನಿಂತಿತು. ಸೇತುವೆ ಬಂತು ಎಂದು ಡಾಕ್ಟರಿಗೆ ಸಂಗೀತದಲ್ಲೇ ಗೊತ್ತಾಯಿತು. ನೀರಿನ ಸದ್ದಿಗೆ ಕಿವಿಗೊಟ್ಟರು. ಸದ್ದು ಕೇಳಿಸಿತು, ಆದರೆ ಅದು ಹಿಂದಿದ್ದ ನಲ್ಲಿಯದು. ಎದ್ದು ಅದನ್ನು ಬಿಗಿಮಾಡಿದರು.

ಮೇಡಂ ಬಾಗಿಲಲ್ಲಿ ನಿಂತಾಗ ಅವರ ಕಣ್ಣು ಒದ್ದೆಯಾಗಿತ್ತು.

"ಬೀಳಲ್ಲ. ಸೇತುವೆ ದಾಟುತ್ತೆ."

"ಹಾಗಾದ್ರೆ ಪಾಸು?"

"ಪಾಸು. ಆದ್ರೆ ಒಂದು ದೂರಿದೆ. ನಿಮ್ಮಿಂದಾಗಿ ಈಗ ಬೀಳುತ್ತೆ, ಈಗ ಬೀಳುತ್ತೆ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ಒಂದೇ ಸಲಕ್ಕೆ ಎರಡು ಸಿನಿಮಾ ನೋಡಿದ ಹಾಗಾಯ್ತು" ಎಂದ ಮೇಡಂ, ಗೋಡೆಯ ಕ್ಯಾಲೆಂಡರಿನಲ್ಲಿ ಮೂವತ್ತನೇ ತಾರೀಕಿನ ಮೇಲೊಮ್ಮೆ ಬೆರಳಿಟ್ಟು, ಕೈಕಾಲು ತೊಳೆಯಲು ಹೋದರು.

ಮೂವತ್ತನೆಯ ದಿನ ಮಧ್ಯಾಹ್ನದ ಆಟ. ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅರ್ಧ ಗಂಟೆ ಮುಂಚೆಯೇ ಹೆಂಡತಿಯನ್ನು ಹೊರಡಿಸಿದರು. ದೀಪ ಆರಿತು. ಪಕ್ಕದಲ್ಲಿ ಗುರುತಿರುವ ಮೊಣಕೈ. ಪರದೆಯ ಮೇಲೆ ಹೆಸರುಗಳು ಓಡುತ್ತಿದ್ದಾಗಲೇ ಅವರು ಕರವಸ್ತ್ರ ಹೊರತೆಗೆದರು, ಕಥೆಯಿನ್ನೂ ಶುರುವಾಗಿಯೇ ಇರಲಿಲ್ಲ.

ದೀಪಸ್ತಂಭ ಕಾಯುವ ಅಕ್ಕ ತಂಗಿಯರ ಚಿತ್ರ. ಮಾತು ಮಾತಿಗೂ ಜಗಳ, ಜಗಳಕ್ಕೊಂದು ನಗು. ಡಾಕ್ಟರು ಅಕ್ಕನನ್ನು ಮೊದಲ ನೋಟದಲ್ಲೇ ಮನಸ್ಸಿಗೆ ಹಚ್ಚಿಕೊಂಡರು. ಮುಂದೇನು ಎಂದು ಏನೇನೂ ಗೊತ್ತಿಲ್ಲದೆ ಹೆಂಡತಿಯ ಪಕ್ಕ ಕೂತು ನೋಡುವುದು ಇಷ್ಟು ಚೆಂದ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೊನೆಯ ಭಾಗದಲ್ಲಿ ತಂಗಿಯ ಮೇಲೆ ಮುನಿಸಿಕೊಂಡ ಅಕ್ಕ ಪುಟ್ಟ ದೋಣಿಯಲ್ಲಿ ಒಬ್ಬಳೇ ಹೊರಟಳು. ಬಿರುಗಾಳಿ ಎದ್ದಿತು. ಆಗ ಮೇಡಂ ಗಂಡನ ಕಿವಿಯ ಹತ್ತಿರ ಬಗ್ಗಿದರು.

"ಅಕ್ಕ ವಾಪಸ್ ಬರಲ್ಲ ರೀ."

"ನಿನಗೆ ಹೇಗೆ ಗೊತ್ತು?"

"ಬೆಳಗಿನ ಆಟ ನೋಡಿದವರು ಗೇಟಲ್ಲಿ ಮಾತಾಡ್ಕೊಳ್ತಿದ್ರು."

ಡಾಕ್ಟರಿಗೆ ಮುಂದೆ ನೋಡುವ ಆಸೆಯೇ ಇಂಗಿಹೋಯಿತು. ಯಾಕೆ ಹೇಳಿದೆ ಎಂದು ಕೇಳಬೇಕು, ಯಾವ ಮುಖ ಇಟ್ಟುಕೊಂಡು ಕೇಳುವುದು? ಪಾಪ್‌ಕಾರ್ನ್ ಸಾಲಿನಲ್ಲಿ ನಿಂತಿದ್ದವಳಿಗೆ ಹೀಗೇ ಆಗಿತ್ತಲ್ಲ ಎನಿಸಿತು. ಅಲ್ಲಿಂದ ಮನೆಗೆ ಅವಳು ಒಬ್ಬಳೇ ನಡೆದುಹೋಗಿದ್ದಳು. ಒಂಬತ್ತು ವರ್ಷ ಅವರು ಅದನ್ನು ಹೆಂಗಸಿನ ಮುನಿಸು ಎಂದುಕೊಂಡಿದ್ದರು. ಪರದೆಯ ಮೇಲೆ ಖಾಲಿ ದೋಣಿ ದಡಕ್ಕೆ ಬಂದು ತಾಗಿತು. ಡಾಕ್ಟರು ಕಣ್ಣು ಮುಚ್ಚಿಕೊಂಡರು.

ಯಾರೋ ಬಾಗಿಲು ಬಡಿದ ಸದ್ದು. ಕಣ್ಣು ತೆರೆದರು. ದೀಪಸ್ತಂಭದ ಹಿಂಬಾಗಿಲಲ್ಲಿ ಅಕ್ಕ ನಿಂತಿದ್ದಾಳೆ, ಮೈಯೆಲ್ಲ ಕೆಸರು, ಕೈಯಲ್ಲಿ ಚಪ್ಪಲಿ. ಅದೇ ದಡದಲ್ಲಿ ದೂರ ಹೋಗಿ ಇಳಿದು, ದೋಣಿ ಕಟ್ಟಲು ಮರೆತು, ಅಷ್ಟು ದೂರವೂ ನಡೆದುಕೊಂಡೇ ಬಂದಿದ್ದಾಳೆ. ಬಂದವಳೇ ತಂಗಿಯನ್ನು ಬೈಯತೊಡಗಿದಳು.

"ಬಂದ್ಲು ಕಣೇ" ಎಂದು ಡಾಕ್ಟರು ಎದ್ದೇ ನಿಂತರು. "ಬಂದ್ಲು, ಬಂದ್ಲು."

ಹಿಂದಿನ ಸಾಲಿನವರು ಕೂತ್ಕೊಳ್ರೀ ಎಂದು ಗದರಿದರು. ಅಂಗಿ ಹಿಡಿದು ಎಳೆದು ಕೂರಿಸಿದ ಮೇಡಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಮೈಯೆಲ್ಲ ಕುಲುಕುವಷ್ಟು ನಗು, ಕಣ್ಣಲ್ಲಿ ಧಾರಾಕಾರ ನೀರು.

"ಸುಳ್ಳು ಹೇಳಿದ್ಯಾ?" ಡಾಕ್ಟರು ಕೇಳಿದರು. "ನನ್ನ ಜೀವ ತೆಗೆದುಬಿಟ್ಟೆಯಲ್ಲೇ."

ಮೇಡಂ ನಗು ತಡೆದುಕೊಂಡು ಕಣ್ಣೊರೆಸಿಕೊಂಡರು. ಆಮೇಲೆ ಪರದೆಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು.

"ನಾನೇ ಕಟ್ಟಿದ್ದು. ಒಂಬತ್ತು ವರ್ಷ ಪಕ್ಕದ ಸೀಟಲ್ಲಿ ಬ್ಯಾಗ್ ಇಟ್ಕೊಂಡು ಸಿನಿಮಾ ನೋಡಿದೀನಿ ರೀ. ಬ್ಯಾಗಿಗೆ ಏನು ಹೇಳಿದ್ರೂ ಅದು ಹೀಗೆ ಎದ್ದು ನಿಲ್ತಿರ್ಲಿಲ್ಲ."

ಡಾಕ್ಟರು ಕತ್ತಲಲ್ಲಿ ಅವರ ಕೈ ಹುಡುಕಿ ಹಿಡಿದುಕೊಂಡರು. ದೀಪ ಹತ್ತಿ, ಜನರೆಲ್ಲ ಎದ್ದುಹೋಗಿ, ಕಸ ಗುಡಿಸುವವಳು ಅವರ ಸಾಲಿಗೆ ಬರುವವರೆಗೂ ಅವರು ಹೆಂಡತಿಯ ಕೈ ಬಿಡಲಿಲ್ಲ.